ನಾಲ್ಕೂವರೆ ಮಿಲಿಮೀಟರಿನ ಗೆರೆ: ಮುಂಬಯಿಯಲ್ಲಿ ಗಾಳಿಕೋವಿ ನಡೆದ ದಾರಿ

ಬಾಂದ್ರಾದ ಮೌಂಟ್ ಮೇರಿ ಜಾತ್ರೆಯಲ್ಲೋ ಮಾಹಿಮ್ ಉರುಸಿನಲ್ಲೋ ಬಲೂನಿಗೆ ಗುರಿಯಿಡದೆ ದೊಡ್ಡವರಾದ ಮುಂಬಯಿಗರು ಕಡಿಮೆ. ನಳಿಗೆಯನ್ನು ತೊಡೆಗೊತ್ತಿ ಮಡಚಿ, ಬಾಯಲ್ಲಿಟ್ಟುಕೊಂಡಿದ್ದ ಛರ್ರೆಯೊಂದನ್ನು, ಅಂದರೆ ಸೀಸದ ಪುಟ್ಟ ಗುಂಡೊಂದನ್ನು, ತೆಗೆದು ತುಂಬಿಕೊಡುವ ಹುಡುಗ ನಮ್ಮೆಲ್ಲರ ಮೊದಲ ಗುರು. (ಸೀಸವನ್ನು ಬಾಯಲ್ಲಿಡಬಾರದೆಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.) ಗುರಿ ತಪ್ಪಿದಾಗಲೆಲ್ಲ ನಮ್ಮ ತಕರಾರು ಒಂದೇ: ಛರ್ರೆ ತೀರಾ ಚಿಕ್ಕದು, ಇದಕ್ಕಿಂತ ದಪ್ಪನೆಯದು ಇಲ್ಲವೇ?

ಏರ್‌ಗನ್ ಕೊಂಡ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ದಿನ ಇದೇ ಆಸೆ ಮರಳಿ ಹುಟ್ಟುತ್ತದೆ. 4.5 ಮಿಲಿಮೀಟರಿನ, ಅಂದರೆ ಪಾಯಿಂಟ್ 177 ಇಂಚಿನ ನಳಿಗೆ ಕಳಚಿ 5.5ರದ್ದು, ಅಂದರೆ ಪಾಯಿಂಟ್ 22ರದ್ದು ಕೂರಿಸಿದರೆ ಹೇಗೆ? ಕುರ್ಲಾದ ಯಾವುದೋ ಗಾಲಾದಲ್ಲಿ ಲೇತ್ ತಿರುಗಿಸುವ ಟರ್ನರ್ ಒಬ್ಬ ಸಿಕ್ಕರೆ ಆಯಿತಲ್ಲ, ಎಂಬ ಲೆಕ್ಕಾಚಾರ. ಆದರೆ ಗಾಳಿಕೋವಿಯ ಚರಿತ್ರೆ ಸಾಗಿದ್ದು ಈ ಆಸೆಗೆ ಎದುರು ದಿಕ್ಕಿನಲ್ಲಿ.

ಗಾಳಿಕೋವಿ ಮೊದಲು ಸಪೂರವಾಗೇನೂ ಇರಲಿಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಬಳಸುತ್ತಿದ್ದ ಜಿರಾಂಡೋನಿ ಕೋವಿಯ ಗುಂಡು 11 ಮಿಲಿಮೀಟರಿಗೂ ದಪ್ಪ. ಅದರ ಹಿಂಬದಿಯ ಹಿಡಿಯೇ ಗಾಳಿಯ ಡಬ್ಬ. ಕೈಪಂಪನ್ನು ನೂರಾರು ಸಲ ಒತ್ತಿ ತುಂಬಿಟ್ಟುಕೊಂಡರೆ ಹತ್ತಾರು ಗುಂಡು ಹಾರಿಸಬಹುದಿತ್ತು. ನಮ್ಮ ಜಾತ್ರೆಯ ಸ್ಪ್ರಿಂಗ್ ಕೋವಿಯಲ್ಲಿ ಅಂಥ ಉಗ್ರಾಣವಿಲ್ಲ. ಕುದುರೆ ಎಳೆದಾಗ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಸಿಲಿಂಡರಿನಲ್ಲಿರುವ ಒಂದು ಗುಕ್ಕು ಗಾಳಿ ಒತ್ತಡಕ್ಕೆ ಸಿಕ್ಕಿ ಕಾದು, ಸಣ್ಣ ರಂಧ್ರದಿಂದ ನುಗ್ಗಿ ಛರ್ರೆಯನ್ನು ಹೊರದಬ್ಬುತ್ತದೆ. ಅಷ್ಟೇ ಬಂಡವಾಳ. ಸೈಕಲ್ ಪಂಪಿನ ಒಂದೇ ಹೊಡೆತದಲ್ಲಿ ಲಾರಿಯ ಟಯರು ತುಂಬುವುದಿಲ್ಲ, ಹಾಗೆಯೇ ಇದು. ಸ್ಪ್ರಿಂಗ್ ಬಂದ ಮೇಲೆ ನಳಿಗೆ ಕಿರಿದಾಗಲೇಬೇಕಾಯಿತು.

ಇಂಗ್ಲೆಂಡಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವನ್ನು ಮರುವರ್ಷದಿಂದ ಬಿಎಸ್‌ಎ ಕಂಪೆನಿ ತಯಾರಿಸತೊಡಗಿತು. ಅದರ ನಳಿಗೆಗಳಿಗೆ 1, 2, 3 ಎಂದು ನಂಬರು: ಪಾಯಿಂಟ್ 177, ಪಾಯಿಂಟ್ 22, ಪಾಯಿಂಟ್ 25. ಗುರಿಕ್ಲಬ್ಬಿನವರಿಗೆ ಒಂದನೆಯದು, ಮೊಲ, ಪಾರಿವಾಳ, ಹೆಗ್ಗಣದ ಹಿಂದೆ ಬಿದ್ದವರಿಗೆ ಮಿಕ್ಕವು. ನಳಿಗೆಯ ಅಳತೆಯ ಹಿಂದೆ ಬೇಟೆಯೋ ಕಾಗದವೋ ಎಂಬ ಪ್ರಶ್ನೆ ಆಗಲೇ ಇತ್ತು.

ನಳಿಗೆ ದಪ್ಪವಾದರೆ ಆಗುವುದೇನು? 4.5ರಿಂದ 5.5ಕ್ಕೆ ಹೋದರೆ ಬಾಯಿಯ ವಿಸ್ತೀರ್ಣ ಒಂದೂವರೆ ಪಟ್ಟಾಗುತ್ತದೆ. ಅರ್ಧ ಗ್ರಾಮಿನ ಛರ್ರೆಯ ಜಾಗಕ್ಕೆ ಹೆಚ್ಚುಕಡಿಮೆ ಒಂದು ಗ್ರಾಮಿನದು ಬರುತ್ತದೆ. ಎರಡಕ್ಕೂ 20 ಜೂಲ್ ಶಕ್ತಿಯನ್ನೇ ಕೊಟ್ಟರೆ ಹಗುರವಾದದ್ದು ಸೆಕೆಂಡಿಗೆ ಸುಮಾರು 283 ಮೀಟರ್ ವೇಗದಲ್ಲಿ ಹೊರಡುತ್ತದೆ, ಭಾರವಾದದ್ದು 200ರಲ್ಲಿ. ಗಾಳಿಯ ತಡೆಯನ್ನು ಬದಿಗಿಟ್ಟರೂ 25 ಮೀಟರ್ ದಾಟುವಷ್ಟರಲ್ಲಿ ಮೊದಲನೆಯದು ನಾಲ್ಕು ಸೆಂಟಿಮೀಟರಿನಷ್ಟು ಇಳಿದಿದ್ದರೆ ಎರಡನೆಯದು ಎಂಟರ ಹತ್ತಿರ. ಪೆಟ್ಟು ದಪ್ಪ, ದಾರಿ ಡೊಂಕು. ಜತೆಗೆ ಸ್ಪ್ರಿಂಗು, ಪಿಸ್ಟನ್, ರಂಧ್ರ, ಛರ್ರೆಯ ತೂಕ ಎಲ್ಲ ಒಂದಕ್ಕೊಂದು ಹೊಂದಿಸಿದ ಸಂಸಾರ. ಛರ್ರೆ ತೀರಾ ಹಗುರವಾದರೆ ಪಿಸ್ಟನ್ ತಡೆಯಿಲ್ಲದೆ ಗೋಡೆಗೆ ಬಡಿಯುತ್ತದೆ, ತೀರಾ ಭಾರವಾದರೆ ಗಾಳಿಗೆ ತಾಗಿ ಹಿಂದಕ್ಕೆ ಪುಟಿಯುತ್ತದೆ. ನಳಿಗೆಯೊಂದನ್ನೇ ಬದಲಿಸುವುದೆಂದರೆ ಮನೆಯ ಬಾಗಿಲನ್ನು ಅಗಲಿಸಿ ಗೋಡೆಯನ್ನು ಮರೆತ ಹಾಗೆ.

ಕಾನೂನಿನ ಮಾತು ಇದಕ್ಕಿಂತ ಖಡಕ್ಕು. ಜರ್ಮನಿ 7.5 ಜೂಲಿಗೆ ಗೆರೆ ಎಳೆದಿದೆ, ಬ್ರಿಟನ್ 1969ರ ನಿಯಮದಲ್ಲಿ ರೈಫಲಿಗೆ 12 ಅಡಿ-ಪೌಂಡ್, ಅಂದರೆ 16 ಜೂಲ್ ಚಿಲ್ಲರೆ. ಅಲ್ಲೆಲ್ಲ ಶಕ್ತಿಗೆ ಮಾತ್ರ ಮಿತಿ. ಅದರೊಳಗೆ ನಳಿಗೆ ಎಷ್ಟು ದಪ್ಪವಿರಬೇಕೆಂಬುದು ಕೊಳ್ಳುವವನ ಇಷ್ಟ. ನಮ್ಮ 2016ರ ಆಯುಧ ನಿಯಮಗಳು ಎರಡನ್ನೂ ಕಟ್ಟಿವೆ: 20 ಜೂಲ್ ದಾಟಿದರೂ ಲೈಸನ್ಸು, 4.5 ಮಿಲಿಮೀಟರ್ ದಾಟಿದರೂ ಲೈಸನ್ಸು. ಜಾತ್ರೆಯ ಬಂದೂಕಿಗೆ ಪಾಯಿಂಟ್ 22 ನಳಿಗೆ ಬಿದ್ದ ಕ್ಷಣ ಅದು ಆಟದ ಸಾಮಾನಲ್ಲ, ಪೊಲೀಸ್ ಠಾಣೆಯ ದಾಖಲೆಗೆ ಸೇರಬೇಕಾದ ಆಯುಧ. ಇಂಥ ಮಾರ್ಪಾಟಿನ ಕೆಲಸಕ್ಕೂ 1959ರ ಆಯುಧ ಕಾಯ್ದೆ ಲೈಸನ್ಸು ಕೇಳುತ್ತದೆ. ಗಾಲಾದ ಟರ್ನರ್ ಬಳಿ ಅದು ಇರುವುದಿಲ್ಲ. ಇನ್ನು ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಬಾಗಿಲು ಹಾಕಿದೆ. ಹೊಡೆಯಲು ಮೊಲವಿಲ್ಲದ ಊರಿನಲ್ಲಿ ಮೊಲದ ನಳಿಗೆ ಯಾಕೆ ಎಂದು ನಾನು ಕೇಳಿದವರಾರೂ ನೇರ ಉತ್ತರ ಕೊಟ್ಟಿಲ್ಲ.

ಹಾಗಾದರೆ ಮುಂಬಯಿಯಲ್ಲಿ ಬೆಳೆದದ್ದೇನು? ಒಂದು ತಲೆಮಾರು ಕೈಗೆತ್ತಿಕೊಂಡ ದೇಶಿ ಏರ್ ರೈಫಲುಗಳಲ್ಲಿ ಐಎಚ್‌ಪಿ ಹೆಸರುವಾಸಿ. ಅದನ್ನು ಮಾಡುತ್ತಿದ್ದುದು ಇಂಡಿಯನ್ ಹ್ಯೂಮ್ ಪೈಪ್ ಕಂಪೆನಿ. 1926ರಲ್ಲಿ ಹುಟ್ಟಿ, ಊರೂರಿಗೆ ನೀರಿನ ಕಾಂಕ್ರೀಟ್ ಕೊಳವೆ ಹಾಕಿದ ಮುಂಬಯಿಯ ಸಂಸ್ಥೆ ನಾಲ್ಕೂವರೆ ಮಿಲಿಮೀಟರಿನ ಕೊಳವೆಯನ್ನೂ ಮಾಡಿತೆಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಆ ಕಾಲದ ಕೋವಿಗಳ ಪಿಸ್ಟನ್ನಿಗೆ ಚರ್ಮದ ವಾಷರು. ಮುಂಬಯಿ ಮಳೆಗಾಲದ ಪಸೆಗೆ ಸ್ಪ್ರಿಂಗು ತುಕ್ಕು ಹಿಡಿಯಬಾರದೆಂದು ಎಣ್ಣೆ ಸುರಿದರೆ ಆ ಎಣ್ಣೆಯೇ ಒಳಗಿನ ಬಿಸಿಗೆ ಹೊತ್ತಿ ಡಬ್ಬೆಂದು ಹೊಗೆ ಬರುತ್ತಿತ್ತು. ಈಗ ಸಿಂಥೆಟಿಕ್ ಸೀಲು ಬಂದಿದೆ, ಸ್ಪ್ರಿಂಗಿನ ಜಾಗದಲ್ಲಿ ಅನಿಲ ತುಂಬಿದ ಸಿಲಿಂಡರೂ ಬಂದಿದೆ. ಮುಂಬಯಿ ಮಹಾನಗರ ವಲಯದ ಪ್ರಿಸಿಹೋಲ್ ಬಳಗ ಆಳವಾದ ರಂಧ್ರ ಕೊರೆಯುವ ಯಂತ್ರಗಳಲ್ಲಿ ಪಳಗಿ, ಆಮೇಲೆ ಏರ್ ರೈಫಲಿಗೆ ಕೈಹಾಕಿತು. ಮತ್ತೆ ಕೊಳವೆಯವರೇ!

ನಿಜವಾದ ಬೆಳವಣಿಗೆ ನಡೆದದ್ದು ವರಳಿಯಲ್ಲಿರುವ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿನಂಥ ಕಡೆ, ಹತ್ತು ಮೀಟರ್ ದೂರದ ಕಾಗದದ ಮೇಲೆ. ಸ್ಪ್ರಿಂಗಿನ ಒದೆತವನ್ನು ಪಳಗಿಸಲು ಜರ್ಮನಿಯ ಫೈನ್‌ವೆರ್ಕ್‌ಬೌ 1960ರ ದಶಕದ ಆರಂಭದಲ್ಲಿ ಇಡೀ ಯಂತ್ರವನ್ನೇ ಹಳಿಯ ಮೇಲೆ ಜಾರಿಸಿತು. 1984ರ ಲಾಸ್ ಏಂಜಲಿಸ್‌ನಲ್ಲಿ ಏರ್ ರೈಫಲ್ ಒಲಿಂಪಿಕ್ಸಿಗೆ ಬಂತು. ಮುಂದೆ ಸ್ಪರ್ಧೆಯಲ್ಲಿ ಸ್ಪ್ರಿಂಗನ್ನು ಸಂಕುಚಿತ ಗಾಳಿಯ ಸಿಲಿಂಡರು ಹೊರಗಟ್ಟಿತು. ಇಷ್ಟೆಲ್ಲ ಬದಲಾದರೂ ನಳಿಗೆ ಮಾತ್ರ 4.5ರಲ್ಲೇ ನಿಂತಿತು. ಅದಕ್ಕೊಂದು ಸೊಗಸಾದ ಕಾರಣವಿದೆ. ಗುರಿಹಾಳೆಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಛರ್ರೆಯ ಅಂಚು ಚುಕ್ಕೆಗೆ ತಾಗಿದರೂ ಹತ್ತು. ದಪ್ಪ ಛರ್ರೆಗೆ ಬಿಟ್ಟರೆ ಅದು ಎಲ್ಲ ಪಕ್ಕದಲ್ಲೂ ಅರ್ಧ ಮಿಲಿಮೀಟರ್ ಪುಕ್ಕಟೆ ಗಳಿಸುತ್ತದೆ. ಇಲ್ಲಿ ದಪ್ಪವೆಂದರೆ ಶಕ್ತಿಯಲ್ಲ, ಮೋಸ.

ಆ ಚುಕ್ಕೆಯೊಂದಿಗೆ ಹೋರಾಡಿದವರಲ್ಲಿ ಇಬ್ಬರು ಈ ನಗರದವರು. ಎನ್‌ಸಿಸಿ ಕೆಡೆಟ್ ಆಗಿ ರೈಫಲ್ ಹಿಡಿದ ಅಂಜಲಿ ಭಾಗವತ್ 2000ರ ಸಿಡ್ನಿ ಒಲಿಂಪಿಕ್ಸಿನಲ್ಲಿ ಫೈನಲ್ ತಲುಪಿದರು. ಇನ್ನೊಬ್ಬರು ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್, ನಮ್ಮವರೇ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇಬ್ಬರೂ ಸೇರಿ ಜೋಡಿ ಸ್ಪರ್ಧೆಯ ಚಿನ್ನ ಗೆದ್ದರು. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ ಸುಮಾ 400ಕ್ಕೆ 400 ಹೊಡೆದರು. ನಲವತ್ತು ಛರ್ರೆ, ನಲವತ್ತೂ ಆ ಅರ್ಧ ಮಿಲಿಮೀಟರಿಗೆ. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ಲಿನಲ್ಲೂ ಇದ್ದರು. ಆಮೇಲೆ ಪನ್ವೇಲ್ ಕಡೆ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿ ತರಬೇತಿಗೆ ಇಳಿದರು. ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅವನಿ ಲೇಖರಾ ಅವರ ಶಿಷ್ಯೆ. ಈ ಮಟ್ಟದ ಸ್ಪರ್ಧೆಯ ರೈಫಲಿನ ಶಕ್ತಿ ಎಷ್ಟು ಗೊತ್ತೇ? ಸುಮಾರು 7.5 ಜೂಲ್. ಕಾನೂನು ಲೈಸನ್ಸಿಲ್ಲದೆ ಬಿಟ್ಟಿರುವುದರ ಅರ್ಧಕ್ಕೂ ಕಡಿಮೆ.

ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಏರ್‌ಗನ್ ಇದ್ದರೆ ಒಮ್ಮೆ ಇಳಿಸಿ, ನಳಿಗೆಯ ಬುಡದ ಅಂಕಿ ಓದಿ. .177 ಅಥವಾ 4.5 ಎಂದಿದ್ದರೆ ಮಗುವನ್ನೂ ಕರೆದುಕೊಂಡು ಹತ್ತಿರದ ಶೂಟಿಂಗ್ ರೇಂಜಿಗೆ ಹೋಗಿ. .22 ಅಥವಾ 5.5 ಎಂದಿದ್ದರೆ ಮೊದಲು ಲೈಸನ್ಸಿನ ವಿಚಾರ ಕೇಳಲು ಪೊಲೀಸ್ ಠಾಣೆಗೆ.