ನಿರ್ಧಾರದಲ್ಲೂ ಪಾಲು ಬೇಕು

ಆರೋಗ್ಯ ಕಾರ್ಯಕ್ರಮಗಳಲ್ಲಿ ಸಮುದಾಯದವರು ತೊಡಗಿಕೊಳ್ಳಬೇಕು ಎಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಅವರು ಯಾವ ಹಂತದಲ್ಲಿ, ಎಷ್ಟು ಅಧಿಕಾರದೊಂದಿಗೆ ತೊಡಗಬೇಕು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಭಾರತದ ಐದು ದಶಕಗಳ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. 1970ರಲ್ಲಿ ಡಾ. ರಜನಿಕಾಂತ್ ಮತ್ತು ಡಾ. ಮೇಬಲ್ ಆರೋಳೆ ದಂಪತಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಕೆಲಸ ಆರಂಭಿಸಿದರು. ಅಲ್ಲಿ ಗ್ರಾಮ ಆರೋಗ್ಯ ಕಾರ್ಯಕರ್ತೆಯರನ್ನು ಆರಿಸಿದ್ದು ಊರಿನವರೇ. ಈ ಕಾರ್ಯಕರ್ತೆಯರಲ್ಲಿ ಅನೇಕರು ಓದುಬರಹ ಬಾರದವರು, ದಲಿತ ಹೆಣ್ಣುಮಕ್ಕಳು. ಹೆರಿಗೆಯ ಆರೈಕೆ, ಮಕ್ಕಳ ಭೇದಿಗೆ ಮನೆಯಲ್ಲೇ ಚಿಕಿತ್ಸೆ ಮುಂತಾದವನ್ನು ಕಲಿತ ಅವರು ಊರಿನ ನೀರು, ಜಾತಿಭೇದದ ಪ್ರಶ್ನೆಗಳನ್ನೂ ಎತ್ತಿಕೊಂಡರು. 1977ರಲ್ಲಿ ಕೇಂದ್ರ ಸರ್ಕಾರ ಇಂಥದ್ದೇ ಯೋಜನೆಯನ್ನು ದೇಶದುದ್ದಕ್ಕೂ ತಂದಿತು. ತಿಂಗಳಿಗೆ 50 ರೂಪಾಯಿ ಗೌರವಧನದ ಆ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಗಂಡಸರು, ಹಲವೆಡೆ ಆಯ್ಕೆ ನಡೆದದ್ದು ಸ್ಥಳೀಯ ಪ್ರಭಾವಿಗಳ ಮಾತಿನಂತೆ. ಜನರ ಸಹಭಾಗಿತ್ವ ಹಕ್ಕು ಮತ್ತು ಕರ್ತವ್ಯ ಎಂದು 1978ರ ಆಲ್ಮಾ ಆಟಾ ಘೋಷಣೆ ಸಾರಿತಾದರೂ ಈ ಯೋಜನೆ ಕ್ರಮೇಣ ಸೊರಗಿತು. ಜಾಮಖೇಡದ ಹೊರರೂಪವನ್ನು ನಕಲು ಮಾಡಿದ ಸರ್ಕಾರ ಊರಿನ ಬಡವರಿಗೆ ಅಲ್ಲಿ ಸಿಕ್ಕಿದ್ದ ಹಿಡಿತವನ್ನು ತರಲಿಲ್ಲ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದ್ದು ಎಚ್‌ಐವಿ ತಡೆಯ ಕೆಲಸ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ತಂಡ ಕೋಲ್ಕತ್ತದ ಸೋನಾಗಾಚಿಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರನ್ನೇ ತಮ್ಮ ಓರಗೆಯವರಿಗೆ ತಿಳಿವಳಿಕೆ ನೀಡುವ ಪಿಯರ್ ಎಜುಕೇಟರ್‌ಗಳನ್ನಾಗಿ ಸೇರಿಸಿಕೊಂಡಿತು. ಕಾಂಡೋಮ್‌ನ ಮಹತ್ವ ತಿಳಿದಿದ್ದರೂ ಗಿರಾಕಿ ಒಪ್ಪದಿದ್ದರೆ, ಸಾಲ ಕೊಟ್ಟವ ಬಾಗಿಲಲ್ಲಿ ನಿಂತಿದ್ದರೆ, ಪೊಲೀಸರು ದಾಳಿ ಮಾಡಿದರೆ ಆ ತಿಳಿವಳಿಕೆ ನೆರವಿಗೆ ಬಾರದು ಎಂಬುದು ಬೇಗನೆ ಗೊತ್ತಾಯಿತು. ಹಾಗಾಗಿ 1995ರಲ್ಲಿ ಈ ಮಹಿಳೆಯರದೇ ದುರ್ಬಾರ್ ಸಂಘಟನೆ ಮತ್ತು ಉಷಾ ಸಹಕಾರಿ ಸಂಘ ಹುಟ್ಟಿದವು. 1999ರಲ್ಲಿ ಯೋಜನೆಯ ಆಡಳಿತವೇ ದುರ್ಬಾರ್ ಕೈಗೆ ಬಂತು. ಮುಂಬೈಯ ಲೈಂಗಿಕ ವೃತ್ತಿನಿರತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿದ್ದ ಆ ದಶಕದಲ್ಲಿ ಸೋನಾಗಾಚಿಯಲ್ಲಿ ಸೋಂಕಿನ ಪ್ರಮಾಣ ಶೇ 10ರ ಆಸುಪಾಸಿನಲ್ಲಿತ್ತು. ಎರಡು ನಗರಗಳ ಹೋಲಿಕೆಯೊಂದೇ ಸಾಕ್ಷ್ಯವಾಗದು, ನಿಜ. ಆದರೆ ಇದೇ ಮಾದರಿಯನ್ನು ಬೇರೊಂದು ಸಣ್ಣ ಪಟ್ಟಣದಲ್ಲಿ ಅಳವಡಿಸಿ ನೋಡಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಕಾಂಡೋಮ್ ಬಳಕೆ ಶೇ 39ರಷ್ಟು ಏರಿತ್ತು. ಹೋಲಿಕೆಗೆಂದು ಆರಿಸಿದ ಪಟ್ಟಣದಲ್ಲಿ ಏರಿದ್ದು ಶೇ 11 ಮಾತ್ರ.

ಕರ್ನಾಟಕದಲ್ಲಿ 2003ರ ನಂತರ ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮದಡಿ ಈ ಕೆಲಸ ಹರಡಿತು. ಪ್ರತಿ ಪಿಯರ್ ತಮ್ಮ ಪಾಲಿನ ಐವತ್ತು ಅರವತ್ತು ಮಹಿಳೆಯರ ವಿವರವನ್ನು ಚಿತ್ರಗಳಿರುವ ಹಾಳೆಯಲ್ಲಿ ಗುರುತಿಸಿಡುತ್ತಿದ್ದರು: ಯಾರಿಗೆ ಎಷ್ಟು ಕಾಂಡೋಮ್ ಬೇಕು, ಯಾರು ಕ್ಲಿನಿಕ್ಕಿಗೆ ಹೋಗಿಲ್ಲ, ಯಾರ ಮೇಲೆ ಹಲ್ಲೆಯಾಗಿದೆ. ಓದಲು ಬಾರದವರೂ ತಮ್ಮ ವಾರದ ಯೋಜನೆಯನ್ನು ತಾವೇ ಮಾಡಿಕೊಳ್ಳುವಂತಾಯಿತು. ಹಲ್ಲೆ ನಡೆದಾಗ ಕೂಡಲೇ ಧಾವಿಸುವ ತಂಡಗಳೂ ಬಂದವು. ಮೈಸೂರಿನಲ್ಲಿ ಲೈಂಗಿಕ ವೃತ್ತಿನಿರತರೇ ಕಟ್ಟಿದ ಆಶೋದಯ ಸಮಿತಿಯ ಕಾರ್ಯಕ್ಷೇತ್ರದಲ್ಲಿ ಈ ವೃತ್ತಿಯ ಮಹಿಳೆಯರಲ್ಲಿ ಸಿಫಿಲಿಸ್ ಪ್ರಮಾಣ 2004ರ ಶೇ 25ರಿಂದ 2006ರಲ್ಲಿ ಶೇ 12ಕ್ಕೆ ಇಳಿದಿತ್ತು.

ಸಮುದಾಯದವರೇ ಮುನ್ನಡೆಸುವ ಈ ಮಾದರಿಗೆ ಗಂಭೀರ ಆಕ್ಷೇಪಗಳಿವೆ. ಅಭಿವೃದ್ಧಿಶೀಲ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯೊಂದರ ಪ್ರಕಾರ, ಪಿಯರ್ ಶಿಕ್ಷಣದಿಂದ ಎಚ್‌ಐವಿಯ ಅರಿವು ಮತ್ತು ಕಾಂಡೋಮ್ ಬಳಕೆ ಹೆಚ್ಚಿದರೂ ಲೈಂಗಿಕ ರೋಗಗಳು ಗಮನಾರ್ಹವಾಗಿ ತಗ್ಗಿರಲಿಲ್ಲ. ಈ ಫಲಿತಾಂಶವನ್ನು ಬದಿಗೆ ಸರಿಸುವಂತಿಲ್ಲ. ಆದರೆ ಬೇರೆಯವರು ಬರೆದುಕೊಟ್ಟ ಮಾತನ್ನು ತಲುಪಿಸುವವರೂ ಯೋಜನೆಯನ್ನೇ ರೂಪಿಸುವವರೂ ‘ಪಿಯರ್’ ಎಂಬ ಒಂದೇ ಹೆಸರಿನಡಿ ಬಂದುಬಿಡುತ್ತಾರೆ. ಇಬ್ಬರಿಂದಲೂ ಒಂದೇ ಫಲ ನಿರೀಕ್ಷಿಸುವುದು ಸರಿಯಲ್ಲ. ಜಾರ್ಖಂಡ್ ಮತ್ತು ಒಡಿಶಾದಲ್ಲಿ ಏಕ್‌ಜುಟ್ ಸಂಸ್ಥೆ ನಡೆಸಿದ ಮಹಿಳಾ ಗುಂಪುಗಳು ಇಲ್ಲಿ ಮುಖ್ಯವಾಗುತ್ತವೆ. ಸ್ಥಳೀಯ ಮಹಿಳೆಯೊಬ್ಬರು ನಡೆಸುತ್ತಿದ್ದ ಮಾಸಿಕ ಸಭೆಗಳಲ್ಲಿ ಗುಂಪಿನವರೇ ಸಮಸ್ಯೆ ಗುರುತಿಸಿ, ಪರಿಹಾರ ಆರಿಸಿ, ಅದನ್ನು ಜಾರಿ ಮಾಡಿದರು. 2010ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಫಲಿತಾಂಶದಂತೆ ಇಂಥ ಗುಂಪುಗಳಿಲ್ಲದ ಪ್ರದೇಶಗಳಿಗಿಂತ ಅಲ್ಲಿ ನವಜಾತ ಶಿಶುಗಳ ಮರಣ ಶೇ 32ರಷ್ಟು ಕಡಿಮೆಯಿತ್ತು.

ಕಾರ್ಯಕರ್ತರಾದ ನೆರೆಯವರಿಗೆ ನಮ್ಮ ಕಾಯಿಲೆ ತಿಳಿದರೆ ಗುಟ್ಟು ಉಳಿದೀತೇ ಎಂಬ ಅಳುಕು ಸಹಜವೇ. ಅದಕ್ಕೆ ಕಟ್ಟುನಿಟ್ಟಿನ ಗೋಪ್ಯತಾ ನಿಯಮವೂ, ಯಾರ ನೆರವು ಬೇಕೆಂದು ಆರಿಸುವ ಸ್ವಾತಂತ್ರ್ಯವೂ ಬೇಕು. ಸಂಬಳ ಕೊಟ್ಟರೆ ಸಮುದಾಯದವರು ಸರ್ಕಾರಿ ನೌಕರರಂತಾಗುತ್ತಾರೆ ಎಂಬ ವಾದವನ್ನು ಮಾತ್ರ ಒಪ್ಪಲಾಗದು. ವೈದ್ಯರ ಸಂಬಳ ಅವರ ಸೇವಾಭಾವವನ್ನು ಕುಗ್ಗಿಸುತ್ತದೆಂದು ಯಾರೂ ಹೇಳುವುದಿಲ್ಲ. ಬಡ ಹೆಣ್ಣುಮಕ್ಕಳ ವಿಷಯದಲ್ಲಷ್ಟೇ ಈ ಆತಂಕ ಏಳುತ್ತದೆ. 2005ರಲ್ಲಿ ಆರಂಭವಾದ, ಊರಿನ ಮಹಿಳೆಯರೇ ಆರೋಗ್ಯ ಕಾರ್ಯಕರ್ತೆಯರಾಗಿರುವ ಆಶಾ ವ್ಯವಸ್ಥೆಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಸಂದಿತು. ಆದರೆ ಅದೇ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ನಿಗದಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಮನೆಮನೆಯ ಸ್ಥಿತಿಗತಿ ಬಲ್ಲ ಅವರು ವರದಿ ಒಪ್ಪಿಸುವುದಕ್ಕಷ್ಟೇ ಸೀಮಿತರಾದರೆ, 1977ರ ತಪ್ಪನ್ನೇ ನಾವು ಮತ್ತೆ ಮಾಡಿದಂತೆ. ನ್ಯಾಯವಾದ ವೇತನದ ಜೊತೆಗೆ ಗುರಿ ಬದಲಿಸುವ, ಖರ್ಚು ಪ್ರಶ್ನಿಸುವ ಅಧಿಕಾರವೂ ಅವರಿಗೆ ಸಿಗಬೇಕು. ಸಹಭಾಗಿತ್ವ ಎಂಬ ಹೆಸರಿಗೆ ಅರ್ಹವಾದ ಕಾರ್ಯಕ್ರಮಕ್ಕೆ ಇದಕ್ಕಿಂತ ಕಡಿಮೆಯದು ಸಾಲದು.