ಫ್ರಾಂಕ್ಲಿನ್ನನ ಗುಣಪಟ್ಟಿ

ಮನುಷ್ಯನು ತನ್ನ ನಡತೆಯನ್ನು ದಿನದಿನವೂ ತಾನೇ ಪರೀಕ್ಷಿಸಿಕೊಳ್ಳಬೇಕೆಂಬ ಉಪದೇಶವು ಅನೇಕ ದೇಶಗಳ ಹಿರಿಯರಿಂದ ಬಂದುದಾಗಿದೆ. ಭರತಖಂಡದ ವೈದ್ಯಾಚಾರ್ಯನಾದ ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವನ್ನೇ ದಿನಚರ್ಯೆಗೆ ಮೀಸಲಿರಿಸಿದನು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರಿಂದ ಮೊದಲಾಗುವ ಆ ಅಧ್ಯಾಯವು ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನಗಳನ್ನು ಹೇಳಿ, ಬಳಿಕ ಸದ್ವೃತ್ತವನ್ನು ವಿವರಿಸುತ್ತದೆ. ತನ್ನ ಹಗಲಿರುಳುಗಳು ಹೇಗೆ ಕಳೆಯುತ್ತಿವೆ, ಅವು ಕಳೆಯುತ್ತಿರುವಾಗ ತಾನು ಎಂತಹವನಾಗಿದ್ದೇನೆ ಎಂಬುದನ್ನು ಸದಾ ಸ್ಮರಿಸುವವನು ದುಃಖಕ್ಕೆ ಭಾಗಿಯಾಗನೆಂದು ಅದರ ಕೊನೆಯ ಭಾಗದಲ್ಲಿ ಅಭಿಪ್ರಾಯಪಟ್ಟಿದೆ. ಗ್ರೀಸ್ ದೇಶದಲ್ಲಿ ಪಿಥಾಗೊರಾಸನ ಹೆಸರಿನಿಂದ ಪ್ರಚಲಿತವಾದ ಸುವರ್ಣ ಪದ್ಯಗಳೂ ನಿದ್ರೆಗೆ ಮುನ್ನ ಅಂದಿನ ಕಾರ್ಯಗಳನ್ನು ಮೂರು ಬಾರಿ ನೆನೆದು ನೋಡಬೇಕೆಂದು ವಿಧಿಸುತ್ತವೆ. ಉಪದೇಶವು ಹೀಗೆ ಸುಲಭವಾಗಿ ದೊರೆಯುತ್ತದೆ. ಆದರೆ ಅದನ್ನು ಲೇಖನಿ ಹಿಡಿದು ಲೆಕ್ಕದಂತೆ ಆಚರಿಸಿ, ಅದರ ಲಾಭನಷ್ಟಗಳೆರಡನ್ನೂ ಮರೆಮಾಚದೆ ಹೇಳಿದವರು ವಿರಳ. ಅಂತಹವರಲ್ಲಿ ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನು ಒಬ್ಬನು.

ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ರಂದು ಬೋಸ್ಟನ್ ನಗರದಲ್ಲಿ ಹುಟ್ಟಿದನು. ಆಗ ಆ ಪ್ರಾಂತವು ಇಂಗ್ಲೆಂಡಿನ ವಸಾಹತಾಗಿದ್ದಿತು. ತಂದೆಯು ಕೊಬ್ಬಿನಿಂದ ದೀಪದ ಬತ್ತಿಗಳನ್ನೂ ಸಾಬೂನನ್ನೂ ಮಾಡಿ ಮಾರುವವನು. ಆತನಿಗೆ ಹದಿನೇಳು ಮಂದಿ ಮಕ್ಕಳು. ಗಂಡುಮಕ್ಕಳಲ್ಲಿ ಕಡೆಯವನಾದ ಬೆಂಜಮಿನ್ನನಿಗೆ ಎರಡು ವರ್ಷಗಳಿಗಿಂತ ಹೆಚ್ಚಿನ ಶಾಲಾಯೋಗವು ದೊರೆಯಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಅಣ್ಣನಾದ ಜೇಮ್ಸನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಬಿಟ್ಟರು.

ವಿದ್ಯೆಯ ಹಸಿವೆಯುಳ್ಳ ಬಾಲಕನಿಗೆ ಅಲ್ಲಿ ಕೊರತೆಯಾಗಿದ್ದುದು ಹಣ ಮತ್ತು ಹೊತ್ತು. ಇವೆರಡನ್ನೂ ಅವನು ಊಟದ ಒಂದು ಅಭ್ಯಾಸದಿಂದ ಸಂಪಾದಿಸಿದನು. ಹದಿನಾರನೆಯ ವಯಸ್ಸಿನ ಸುಮಾರಿಗೆ ಸಸ್ಯಾಹಾರವನ್ನು ಹೊಗಳುವ ಪುಸ್ತಕವೊಂದನ್ನು ಓದಿ ಮಾಂಸವನ್ನು ಬಿಟ್ಟನು. ಬಳಿಕ ಅಣ್ಣನ ಬಳಿಗೆ ಹೋಗಿ, ತನ್ನ ಊಟಕ್ಕೆ ತೆರುತ್ತಿದ್ದ ಹಣದಲ್ಲಿ ಅರ್ಧವನ್ನು ಕೈಗೆ ಕೊಟ್ಟರೆ ತನ್ನ ಅಡಿಗೆಯನ್ನು ತಾನೇ ನೋಡಿಕೊಳ್ಳುವೆನೆಂದು ಕೇಳಿಕೊಂಡನು. ಅಣ್ಣನು ಒಪ್ಪಿದನು. ಆ ಅರ್ಧದಲ್ಲಿಯೂ ಅರ್ಧವು ಉಳಿದು ಪುಸ್ತಕಗಳಿಗೆ ಸಂದಿತು. ಉಳಿದವರು ಮಧ್ಯಾಹ್ನದ ಊಟಕ್ಕೆ ಹೊರಟುಹೋದಾಗ, ಇವನು ಒಂದು ಬಿಸ್ಕತ್ತನ್ನೋ ಒಂದು ಹಿಡಿ ದ್ರಾಕ್ಷಿಯನ್ನೋ ತಿಂದು ನೀರು ಕುಡಿದು, ಅವರು ಹಿಂದಿರುಗುವವರೆಗೆ ಓದುತ್ತ ಕುಳಿತಿರುತ್ತಿದ್ದನು.

ಬರೆವಣಿಗೆಯನ್ನು ಕಲಿತ ಕ್ರಮವೂ ಇಂತಹುದೇ. 'ಸ್ಪೆಕ್ಟೇಟರ್' ಎಂಬ ಆಂಗ್ಲ ಪತ್ರಿಕೆಯ ಸಂಪುಟವೊಂದು ಕೈಗೆ ಸಿಕ್ಕಿತು. ಅದರ ಲೇಖನಗಳಿಂದ ಒಂದೊಂದು ವಾಕ್ಯದ ಭಾವವನ್ನು ಚಿಕ್ಕದಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಮೂಲವನ್ನು ನೋಡದೆ ಲೇಖನವನ್ನು ತನ್ನ ಮಾತಿನಲ್ಲಿ ಕಟ್ಟುವನು. ಅನಂತರ ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುವನು. ಕೆಲವೊಮ್ಮೆ ಆ ಗುರುತುಗಳನ್ನು ಕಲಸಿ ಬೆರೆಸಿಟ್ಟು, ಕೆಲವು ವಾರಗಳಾದ ಮೇಲೆ ಮತ್ತೆ ಕ್ರಮಕ್ಕೆ ತರುವನು. ಇದೆಲ್ಲವೂ ನಡೆದುದು ರಾತ್ರಿ ಕೆಲಸ ಮುಗಿದ ಮೇಲೆ, ಬೆಳಿಗ್ಗೆ ಕೆಲಸಕ್ಕೆ ಮೊದಲು, ಅಥವಾ ಭಾನುವಾರಗಳಲ್ಲಿ.

1723ರಲ್ಲಿ ಅಣ್ಣನೊಡನೆ ವಿರಸ ಬೆಳೆದು, ಬೋಸ್ಟನ್ನನ್ನು ಬಿಟ್ಟು ಓಡಿಹೋದನು. ಆ ಕಾಲದ ಒಂದು ಸಮುದ್ರಯಾನದ ಕಥೆಯನ್ನು ಅವನು ಆತ್ಮಚರಿತ್ರೆಯಲ್ಲಿ ನಗುತ್ತಲೇ ಹೇಳಿಕೊಂಡಿರುವನು. ಗಾಳಿಯಿಲ್ಲದೆ ಹಡಗು ನಿಂತಿದ್ದಾಗ ಜನರು ಮೀನುಗಳನ್ನು ಹಿಡಿದು ಹುರಿಯತೊಡಗಿದರು. ಶಾಕಾಹಾರಿಗೆ ಆ ವಾಸನೆಯಿಂದ ಬಾಯಲ್ಲಿ ನೀರೂರಿತು. ವ್ರತಕ್ಕೂ ರುಚಿಗೂ ಸ್ವಲ್ಪ ಹೊತ್ತು ಜಗಳವಾಯಿತು. ಅಷ್ಟರಲ್ಲಿ ದೊಡ್ಡ ಮೀನುಗಳ ಹೊಟ್ಟೆಯಿಂದ ಚಿಕ್ಕ ಮೀನುಗಳನ್ನು ತೆಗೆದುದು ನೆನಪಿಗೆ ಬಂದಿತು. ಅವು ಒಂದನ್ನೊಂದು ತಿನ್ನುವುದಾದರೆ ಅವುಗಳನ್ನು ತಾನು ತಿನ್ನುವುದರಲ್ಲಿ ದೋಷವೇನೆಂದು ತೀರ್ಮಾನಿಸಿ, ಚೆನ್ನಾಗಿ ಊಟ ಮಾಡಿದನು. ಬುದ್ಧಿಯುಳ್ಳ ಪ್ರಾಣಿಯಾಗಿರುವುದರಿಂದ ಒಂದು ಅನುಕೂಲವುಂಟು, ಮನಸ್ಸು ಬಯಸಿದುದಕ್ಕೆಲ್ಲ ಒಂದು ಕಾರಣವನ್ನು ಹುಡುಕಿಕೊಳ್ಳಬಹುದು ಎಂಬುದು ಅವನ ಟೀಕೆಯ ತಾತ್ಪರ್ಯ. ಹಾಸ್ಯವಾಗಿ ಹೇಳಿದ ಈ ಮಾತು ಮುಂದಿನ ಕಥೆಗೆಲ್ಲ ಕೀಲಿಕೈಯಂತಿದೆ.

ಫಿಲಡೆಲ್ಫಿಯ ನಗರದಲ್ಲಿ ನೆಲೆನಿಂತು ಸ್ವಂತ ಅಚ್ಚುಕೂಟವನ್ನು ನಡಸುತ್ತಿದ್ದಾಗ, ಇನ್ನೂ ಯೌವನದಲ್ಲಿಯೇ, ಫ್ರಾಂಕ್ಲಿನ್ನನು ನಿರ್ದೋಷಿಯಾಗಬೇಕೆಂಬ ದೊಡ್ಡ ಸಾಹಸವನ್ನು ಕೈಕೊಂಡನು. ಒಳ್ಳೆಯದು ಯಾವುದು, ಕೆಟ್ಟುದು ಯಾವುದು ಎಂಬುದು ತನಗೆ ತಿಳಿದಿರುವಾಗ, ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದಕ್ಕೆ ಏನಡ್ಡಿ ಎಂದು ಮೊದಲು ಭಾವಿಸಿದ್ದನು. ಆದರೆ ಒಂದು ತಪ್ಪಿನ ಕಡೆಗೆ ಎಚ್ಚರವಾಗಿರುವಾಗಲೇ ಮತ್ತೊಂದು ತಪ್ಪು ಹಿಂದಿನಿಂದ ಬಂದು ಹಿಡಿಯುತ್ತಿದ್ದಿತು. ಸಂಕಲ್ಪಮಾತ್ರದಿಂದ ಕಾರ್ಯವಾಗದು, ಹಳೆಯ ಅಭ್ಯಾಸವನ್ನು ಮುರಿದು ಹೊಸ ಅಭ್ಯಾಸವನ್ನು ಕಟ್ಟಬೇಕು ಎಂದು ಆಗ ಅವನಿಗೆ ಮನವರಿಕೆಯಾಯಿತು.

ಅದಕ್ಕಾಗಿ ಒಂದು ಚಿಕ್ಕ ಪುಸ್ತಕವನ್ನು ಮಾಡಿಕೊಂಡನು. ಅದರಲ್ಲಿ ಹದಿಮೂರು ಗುಣಗಳ ಪಟ್ಟಿ: ಆಹಾರಪಾನಗಳಲ್ಲಿ ಮಿತಿ, ಮೌನ, ಕ್ರಮ, ದೃಢಸಂಕಲ್ಪ, ಮಿತವ್ಯಯ, ಉದ್ಯಮ, ನಿಷ್ಕಪಟತೆ, ನ್ಯಾಯ, ಅತಿರೇಕವಿಲ್ಲದಿರುವುದು, ಶೌಚ, ಶಾಂತಿ, ಇಂದ್ರಿಯನಿಗ್ರಹ, ವಿನಯ. ಪ್ರತಿಯೊಂದು ಪುಟದಲ್ಲಿಯೂ ಕೆಂಪು ಶಾಯಿಯಿಂದ ವಾರದ ಏಳು ದಿನಗಳಿಗೆ ಏಳು ಮನೆಗಳನ್ನೂ, ಗುಣಗಳಿಗೆ ಹದಿಮೂರು ಅಡ್ಡ ಸಾಲುಗಳನ್ನೂ ಎಳೆದನು. ರಾತ್ರಿ ಪರೀಕ್ಷಿಸಿಕೊಂಡು, ಅಂದು ಯಾವ ಗುಣದಲ್ಲಿ ತಪ್ಪಿದನೋ ಆ ಸಾಲಿನಲ್ಲಿ ಕಪ್ಪು ಚುಕ್ಕೆಯನ್ನಿಡುವನು. ಎಲ್ಲವನ್ನೂ ಒಮ್ಮೆಗೇ ಸಾಧಿಸಲು ಹೊರಡದೆ ವಾರಕ್ಕೊಂದು ಗುಣದ ಮೇಲೆ ಮುಖ್ಯವಾಗಿ ದೃಷ್ಟಿಯನ್ನಿರಿಸಿದನು. ತೋಟದ ಕಳೆಯನ್ನು ತೆಗೆಯುವವನು ಒಂದು ಪಾತಿಯನ್ನು ಮುಗಿಸಿ ಮುಂದಿನ ಪಾತಿಗೆ ಹೋಗುವಂತೆ. ಹದಿಮೂರು ವಾರಗಳಿಗೆ ಒಂದು ಆವೃತ್ತಿ, ವರ್ಷಕ್ಕೆ ನಾಲ್ಕು.

ಗುಣಗಳ ಅನುಕ್ರಮದಲ್ಲಿಯೂ ವಿವೇಚನೆಯಿದ್ದಿತು. ಮಿತಾಹಾರದಿಂದ ತಲೆ ತಿಳಿಯಾಗುವುದು. ತಲೆ ತಿಳಿಯಾದರೆ ಎಚ್ಚರ ನಿಲ್ಲುವುದು. ಆದುದರಿಂದ ಅದು ಮೊದಲು. ದಿನದ ಹೊತ್ತನ್ನೂ ಹಾಗೆಯೇ ಹಂಚಿದನು. ಬೆಳಿಗ್ಗೆ 5 ಗಂಟೆಗೆ ಎದ್ದು, ಮುಖಮಜ್ಜನ, ಪ್ರಾರ್ಥನೆ, ಅಂದಿನ ಕೆಲಸದ ಯೋಜನೆ, ಅಧ್ಯಯನ, ಉಪಾಹಾರ. 8ರಿಂದ 12ರವರೆಗೆ ಕೆಲಸ. ಆಮೇಲೆ ಎರಡು ಗಂಟೆಗಳ ಕಾಲ ಓದು, ಲೆಕ್ಕಪತ್ರ, ಊಟ. 2ರಿಂದ 6ರವರೆಗೆ ಮತ್ತೆ ಕೆಲಸ. ಬಳಿಕ ಸಾಮಾನುಗಳನ್ನು ಅವುಗಳ ಸ್ಥಾನದಲ್ಲಿಡುವುದು, ರಾತ್ರಿಯ ಊಟ, ಸಂಗೀತ ಅಥವಾ ಸಂಭಾಷಣೆ, ದಿನದ ವಿಮರ್ಶೆ. 10 ಗಂಟೆಗೆ ನಿದ್ರೆ. ಈ ದಿನ ಏನು ಒಳ್ಳೆಯದನ್ನು ಮಾಡಲಿ ಎಂಬುದು ಬೆಳಗಿನ ಪ್ರಶ್ನೆ; ಏನು ಒಳ್ಳೆಯದನ್ನು ಮಾಡಿದೆನು ಎಂಬುದು ಸಂಜೆಯ ಪ್ರಶ್ನೆ.

ಈ ಆಚರಣೆಯ ಫಲವು ಮೊದಲು ಲಜ್ಜೆಯನ್ನೇ ತಂದಿತು. ತಾನು ಊಹಿಸಿದ್ದುದಕ್ಕಿಂತ ತನ್ನಲ್ಲಿ ಬಹಳ ಹೆಚ್ಚು ದೋಷಗಳಿರುವುದು ಕಂಡುಬಂದಿತು. ಹಳೆಯ ಚುಕ್ಕೆಗಳನ್ನು ಕೆರೆದು ಹೊಸವಕ್ಕೆ ಸ್ಥಳ ಮಾಡುತ್ತ ಮಾಡುತ್ತ ಕಾಗದವು ತೂತು ಬಿದ್ದಿತು. ಆಗ ಪಟ್ಟಿಯನ್ನು ದಂತದ ಹಾಳೆಗಳ ಮೇಲೆ ಬರೆದುಕೊಂಡು, ಸೀಸದ ಕಡ್ಡಿಯಿಂದ ಗುರುತು ಹಾಕಿ, ಒದ್ದೆ ಸ್ಪಂಜಿನಿಂದ ಒರಸಿ ತೆಗೆಯುತ್ತಿದ್ದನು. ಕ್ರಮವೆಂಬ ಗುಣವು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತು. ಕಾಗದಪತ್ರಗಳನ್ನು ಅಲ್ಲಲ್ಲಿಯೇ ಇಡುವ ಅಭ್ಯಾಸವು ಚಿಕ್ಕಂದಿನಿಂದ ಇರಲಿಲ್ಲ. ಜ್ಞಾಪಕಶಕ್ತಿ ಚೆನ್ನಾಗಿದ್ದುದರಿಂದ ಅದರ ಕೊರತೆಯೂ ತೋರಿರಲಿಲ್ಲ.

ಈ ಸಂದರ್ಭದಲ್ಲಿ ಅವನು ಒಂದು ದೃಷ್ಟಾಂತವನ್ನು ಕೊಡುವನು. ಒಬ್ಬನು ಕಮ್ಮಾರನಿಂದ ಕೊಡಲಿಯನ್ನು ಕೊಂಡು, ಬಾಯಿಯಂತೆ ಅದರ ಮೈಯೆಲ್ಲವೂ ಹೊಳೆಯಬೇಕೆಂದನು. ಸಾಣೆಯ ಚಕ್ರವನ್ನು ನೀನು ತಿರುಗಿಸುವುದಾದರೆ ಹಾಗೆಯೇ ಆಗಲೆಂದು ಕಮ್ಮಾರನು ಒಪ್ಪಿದನು. ತಿರುಗಿಸಿ ತಿರುಗಿಸಿ ಕೈಸೋತ ಗಿರಾಕಿಯು, ಇದ್ದಂತೆಯೇ ಕೊಟ್ಟುಬಿಡು, ಚುಕ್ಕೆ ಚುಕ್ಕೆಯ ಕೊಡಲಿಯೇ ತನಗೆ ಮೆಚ್ಚೆಂದು ಹೇಳಿ ಹೊರಟನು. ಬಹುಮಂದಿ ಹೀಗೆಯೇ ಅರ್ಧದಲ್ಲಿ ಬಿಡುವರು. ತಾನೂ ಅನೇಕಸಲ ಹಾಗೆ ಬಿಡಲು ಮನಸ್ಸು ಮಾಡಿದ್ದೆನೆಂದು ಫ್ರಾಂಕ್ಲಿನ್ನನು ಒಪ್ಪಿಕೊಂಡಿರುವನು. ಪೂರ್ಣತೆಯು ತನಗೆ ದೊರೆಯಲಿಲ್ಲವಾದರೂ, ಪ್ರಯತ್ನಿಸದೆ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ತಾನು ಉತ್ತಮನೂ ಸುಖಿಯೂ ಆದೆನೆಂದು, 1784ರಲ್ಲಿ, ಪ್ಯಾರಿಸ್ಸಿಗೆ ಸಮೀಪದ ಪಾಸಿಯಲ್ಲಿ 78 ವರ್ಷದ ವೃದ್ಧನಾಗಿ ಈ ಭಾಗವನ್ನು ಬರೆಯುವಾಗ ಹೇಳಿದನು.

ಇಲ್ಲಿಗೆ ಕಥೆಯನ್ನು ಮುಗಿಸುವುದು ವಾಡಿಕೆ. ಆದರೆ ಈ ಪಟ್ಟಿಯ ಚರಿತ್ರೆಯಲ್ಲಿ ಹೆಚ್ಚು ಪರ್ಯಾಲೋಚನೆಗೆ ಅರ್ಹವಾದ ಸಂಗತಿಗಳು ಎರಡಿವೆ.

ಮೊದಲನೆಯದು, ಪಟ್ಟಿಯಲ್ಲಿ ಆದಿಯಲ್ಲಿದ್ದುದು ಹದಿಮೂರು ಗುಣಗಳಲ್ಲ, ಹನ್ನೆರಡು ಮಾತ್ರ. ಕ್ವೇಕರ್ ಪಂಥದ ಮಿತ್ರನೊಬ್ಬನು, ಜನರು ನಿನ್ನನ್ನು ಗರ್ವಿಷ್ಠನೆಂದು ಎಣಿಸುವರು, ವಾದದಲ್ಲಿ ಗೆದ್ದರೆ ಸಾಲದೆ ಎದುರಾಳಿಯನ್ನು ತುಳಿಯುವೆ ಎಂದು ಸ್ನೇಹದಿಂದ ತಿಳಿಸಿ, ನಿದರ್ಶನಗಳನ್ನೂ ಕೊಟ್ಟನು. ಫ್ರಾಂಕ್ಲಿನ್ನನು ಕೋಪಿಸಿಕೊಳ್ಳದೆ ವಿನಯವನ್ನು ಹದಿಮೂರನೆಯದಾಗಿ ಸೇರಿಸಿದನು. 'ನಿಶ್ಚಯವಾಗಿಯೂ', 'ನಿಸ್ಸಂದೇಹವಾಗಿಯೂ' ಎಂಬ ಮಾತುಗಳನ್ನು ಬಿಟ್ಟು, ತನಗೆ ಸದ್ಯಕ್ಕೆ ಹೀಗೆ ತೋರುತ್ತದೆ ಎನ್ನುವ ರೂಢಿಯನ್ನು ಮಾಡಿಕೊಂಡನು. ವಾಗ್ಮಿಯಲ್ಲದ ತನ್ನ ಮಾತಿಗೆ ಸಭೆಗಳಲ್ಲಿ ಬೆಲೆ ಬಂದುದು ಇದರಿಂದಲೇ ಎಂದು ಅವನ ಅಭಿಪ್ರಾಯ. ಪ್ರತಿರಾತ್ರಿಯೂ ತನ್ನನ್ನು ಪರೀಕ್ಷಿಸಿಕೊಳ್ಳುತ್ತಿದ್ದವನ ಕಣ್ಣಿಗೆ ಅವನ ಗರ್ವವೇ ಬಿದ್ದಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಸಾಲು ಇಲ್ಲದ ಕಡೆ ಚುಕ್ಕೆಯನ್ನಿಡುವುದಕ್ಕೆ ಸ್ಥಳವೆಲ್ಲಿ?

ಎರಡನೆಯದು ಇದಕ್ಕಿಂತ ಗುರುತರವಾದುದು. ಪಟ್ಟಿಯ ಎಂಟನೆಯ ಸಾಲು ನ್ಯಾಯ. ಯಾರಿಗೂ ಕೇಡು ಮಾಡಬಾರದು, ಮಾಡಬೇಕಾದ ಉಪಕಾರವನ್ನು ಬಿಡಲೂ ಬಾರದು ಎಂಬುದು ಅದರ ಅರ್ಥ. ಹೀಗಿದ್ದರೂ ಫ್ರಾಂಕ್ಲಿನ್ನನ ಮನೆಯಲ್ಲಿ ಅನೇಕ ವರ್ಷಗಳ ಕಾಲ ಗುಲಾಮರಿದ್ದರು. 1757ರಲ್ಲಿ ಲಂಡನ್ನಿಗೆ ಹೊರಟಾಗ ಪೀಟರ್, ಕಿಂಗ್ ಎಂಬ ಇಬ್ಬರನ್ನು ಜೊತೆಯಲ್ಲಿ ಕರೆದೊಯ್ದಿದ್ದನು. ಅವನು ಪ್ರಕಟಿಸುತ್ತಿದ್ದ 'ಪೆನ್ಸಿಲ್ವೇನಿಯ ಗೆಜೆಟ್' ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳೂ ಓಡಿಹೋದವರನ್ನು ಹಿಡಿದುಕೊಡಲು ಪ್ರಕಟನೆಗಳೂ ಬರುತ್ತಿದ್ದವು. ವಿಚಿತ್ರವೆಂದರೆ, ಗುಲಾಮರನ್ನಿಟ್ಟುಕೊಂಡವರನ್ನು ಕಠೋರವಾಗಿ ಖಂಡಿಸಿದ ಬೆಂಜಮಿನ್ ಲೇ ಎಂಬವನ ಗ್ರಂಥವು 1737ರಲ್ಲಿ ಅಚ್ಚಾದುದೂ ಇದೇ ಅಚ್ಚುಕೂಟದಲ್ಲಿ. ಮೊಳೆಗಳು ಕೈಯಡಿಯಲ್ಲಿ ಜೋಡಣೆಯಾದುವು. ಅರ್ಥವು ಪಟ್ಟಿಯವರೆಗೆ ಬಂದು ಮುಟ್ಟಲಿಲ್ಲ. ನ್ಯಾಯದ ಸಾಲು ಇದ್ದೇ ಇದ್ದಿತು. ಆ 'ಯಾರಿಗೂ' ಎಂಬ ಮಾತಿನಲ್ಲಿ ಯಾರು ಯಾರು ಸೇರುವರೆಂಬ ವಿಚಾರವು ಮಾತ್ರ ನಡೆದಿರಲಿಲ್ಲ. ಬಯಸಿದುದಕ್ಕೆ ಬುದ್ಧಿಯು ಕಾರಣವನ್ನು ಒದಗಿಸುವುದೆಂದು ಮೀನಿನ ವಿಷಯದಲ್ಲಿ ಕಂಡುಕೊಂಡವನಿಗೂ ಇಲ್ಲಿ ಅದು ಕಾಣಲಿಲ್ಲ.

1751ರಲ್ಲಿ ಜನಸಂಖ್ಯೆಯ ವೃದ್ಧಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಗುಲಾಮರು ಸ್ವಭಾವದಿಂದಲೇ ಕಳ್ಳರೆಂಬರ್ಥದ ಮಾತನ್ನು ಅವನು ಸೇರಿಸಿದ್ದನು. ಈ ಭಾವನೆಯನ್ನು ಅಲುಗಿಸಿದುದು ಒಂದು ಶಾಲೆ. ಫಿಲಡೆಲ್ಫಿಯದಲ್ಲಿ ಆಫ್ರಿಕ ಮೂಲದ ಮಕ್ಕಳಿಗಾಗಿ 1758ರಲ್ಲಿ ಶಾಲೆಯೊಂದು ಸ್ಥಾಪಿತವಾಗಿದ್ದಿತು. 1763ರಲ್ಲಿ ಫ್ರಾಂಕ್ಲಿನ್ನನು ಅಲ್ಲಿಗೆ ಹೋಗಿ, ಮಕ್ಕಳ ಪರೀಕ್ಷೆ ನಡೆಯುವುದನ್ನು ಕುಳಿತು ನೋಡಿದನು. ಆ ವರ್ಷದ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ, ಗ್ರಹಣಶಕ್ತಿಯಲ್ಲಾಗಲಿ ಜ್ಞಾಪಕದಲ್ಲಾಗಲಿ ಕಲಿಯುವ ವಿನಯದಲ್ಲಾಗಲಿ ಇವರು ಬಿಳಿಯ ಮಕ್ಕಳಿಗೆ ಸಮಾನರೆಂದೂ, ಇವರ ಸಹಜಶಕ್ತಿಯ ವಿಷಯದಲ್ಲಿ ತನ್ನ ಅಭಿಪ್ರಾಯವು ಮೊದಲಿಗಿಂತ ಬಹಳ ಮೇಲೇರಿತೆಂದೂ ತಿಳಿಸಿ, ತನ್ನ ಹಿಂದಿನ ಪೂರ್ವಗ್ರಹಗಳನ್ನು ಸಮರ್ಥಿಸಲು ಹೋಗಲಿಲ್ಲ. 1769ರಲ್ಲಿ ಆ ಹಳೆಯ ಪ್ರಬಂಧವು ಮತ್ತೆ ಅಚ್ಚಾಗುವಾಗ ಆ ವಾಕ್ಯವನ್ನು ತಿದ್ದಿದನು: ಕಳ್ಳತನವು ಆ ಜನರ ಸ್ವಭಾವವಲ್ಲ, ಗುಲಾಮಗಿರಿಯ ಸ್ವಭಾವದಿಂದ ಬಂದುದು ಎಂಬ ಅರ್ಥ ಬರುವಂತೆ ಮಾಡಿದನು. ಬದಲಾದ ಪದಗಳು ಕೆಲವೇ. ಆ ಕೆಲವು ಪದಗಳಿಗೆ ಹದಿನೆಂಟು ವರ್ಷಗಳು ಹಿಡಿದುವು.

ದೃಷ್ಟಿ ತಿರುಗಿದ ಮಾತ್ರಕ್ಕೆ ನಡತೆಯು ತಿರುಗಲಿಲ್ಲವೆಂಬುದನ್ನೂ ಹೇಳಬೇಕು. ಆ ಬಳಿಕವೂ ಬಹುಕಾಲ ಅವನು ಗುಲಾಮರ ಒಡೆಯನಾಗಿಯೇ ಉಳಿದನು. 1787ರಲ್ಲಿ, 81ನೆಯ ವಯಸ್ಸಿನಲ್ಲಿ, ಗುಲಾಮಗಿರಿಯ ನಿವಾರಣೆಗಾಗಿ ಪೆನ್ಸಿಲ್ವೇನಿಯದಲ್ಲಿದ್ದ ಸಂಘಕ್ಕೆ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ ಆ ಸಂಘದ ವಿಜ್ಞಾಪನಾಪತ್ರವು ಅವನ ರುಜುವಿನೊಡನೆ ಅಮೆರಿಕದ ಕಾಂಗ್ರೆಸ್ಸಿಗೆ ಹೋಯಿತು. ಕಾಂಗ್ರೆಸ್ಸು ಅದನ್ನು ಈಡೇರಿಸಲಿಲ್ಲ. ಗುಲಾಮಗಿರಿಯ ಪರವಾಗಿ ಮಾತನಾಡಿದ ಸದಸ್ಯನೊಬ್ಬನನ್ನು ಪರಿಹಾಸಮಾಡಿ ಮಾರ್ಚಿ ತಿಂಗಳಲ್ಲಿ ಒಂದು ಪತ್ರವನ್ನು ಪತ್ರಿಕೆಗೆ ಬರೆದನು. ಏಪ್ರಿಲ್ 17ರಂದು ಕಾಲವಾದನು. ಅಮೆರಿಕದಲ್ಲಿ ಗುಲಾಮಗಿರಿಯು ಸಂವಿಧಾನದ ತಿದ್ದುಪಡಿಯಿಂದ ರದ್ದಾದುದು 1865ರಲ್ಲಿ.

ಇದರಿಂದ ಪಟ್ಟಿಯು ನಿಷ್ಪ್ರಯೋಜಕವೆಂದು ಹೇಳುವುದು ಸರಿಯಲ್ಲ. ಬತ್ತಿ ಮಾರುವವನ ಮಗನು ಲೇಖಕನೂ ವಿಜ್ಞಾನಿಯೂ ರಾಜ್ಯಕಾರ್ಯಧುರಂಧರನೂ ಆದುದರಲ್ಲಿ ಆ ಕೆಂಪು ಗೆರೆಗಳ ಪಾತ್ರವು ಅಲ್ಪವಲ್ಲ. ದಿನವೂ ತಪ್ಪನ್ನು ಒಪ್ಪಿಕೊಂಡು ಗುರುತಿಟ್ಟ ಕೈಯಾದುದರಿಂದಲೇ, ಅಚ್ಚಾಗಿಹೋಗಿದ್ದ ತನ್ನ ವಾಕ್ಯವನ್ನು ತಿದ್ದುವುದಕ್ಕೆ ಮುದಿತನದಲ್ಲಿ ಅದು ಹಿಂದೆಗೆಯಲಿಲ್ಲವೆಂದೂ ಊಹಿಸಬಹುದು. ಆದರೆ ಅಭ್ಯಾಸವು ತನಗೆ ಕಂಡ ದೋಷವನ್ನು ಮಾತ್ರ ತಿದ್ದಬಲ್ಲುದು. ಕಾಣದ ದೋಷವನ್ನು ಕಾಣಿಸುವುದಕ್ಕೆ ಒಮ್ಮೆ ಮಿತ್ರನ ಮಾತು ಬೇಕಾಯಿತು. ಇನ್ನೊಮ್ಮೆ ಶಾಲೆಯ ಮಣೆಗಳ ಮೇಲೆ ಕುಳಿತಿದ್ದ ಮಕ್ಕಳ ಉತ್ತರಗಳು ಬೇಕಾದುವು. ಫ್ರಾಂಕ್ಲಿನ್ನನನ್ನು ಅನುಸರಿಸಿ ಪುಸ್ತಕಕ್ಕೆ ಗೆರೆ ಹಾಕಿಕೊಳ್ಳುವ ಸಜ್ಜನರು, ಹದಿಮೂರನೆಯ ಸಾಲಿನ ಕೆಳಗೆ ಒಂದೆರಡು ಸಾಲುಗಳನ್ನು ಬರಿದಾಗಿ ಬಿಟ್ಟು, ಆಗಾಗ ಆ ಪುಸ್ತಕವನ್ನು ಮನೆಯವರ ಕೈಗೂ ಸ್ನೇಹಿತರ ಕೈಗೂ ಕೊಡುವುದು ಲೇಸು.