ಹಳೆಯ ಕರ್ನೆಲ್‌ಗಳನ್ನು ಕಾಯ್ದವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಊರಿನ ಮತ್ತು ಶಾಲೆಯ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರಿದ್ದಾರೆ. ಹಾಗಾಗಿ ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ನನ್ನ ಕಸುಬಿನ ಇತಿಹಾಸವನ್ನೇ ಬರೆಯುತ್ತಿದ್ದೇನೆ. ನಮಗೇಕೆ ಇದು ಎಂದು ದಯವಿಟ್ಟು ಪುಟ ತಿರುಗಿಸಬೇಡಿ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನೂ ಇದನ್ನೇ ನಂಬಿಕೊಂಡಿದೆ.

ಯಂತ್ರಕ್ಕೂ ನಾವು ಬಳಸುವ ಆ್ಯಪ್‌ಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಮೆಮೊರಿ, ಯಾವ ಕೆಲಸ ಮೊದಲು, ಯಾವ ಫೈಲು ಎಲ್ಲಿದೆ ಎಂದು ನೋಡಿಕೊಳ್ಳುವ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಅಂಥ ಒಂದು ಕರ್ನೆಲ್. ಅದರ 1.0 ಆವೃತ್ತಿ 1994ರಲ್ಲಿ ಬಂತು. ಮುಂದೆ ಬಹುಕಾಲ ಒಂದು ಕಟ್ಟಳೆ ಇತ್ತು. ಎರಡನೆಯ ಅಂಕಿ ಸಮಸಂಖ್ಯೆಯಾದರೆ ಅದು ಜನರ ಬಳಕೆಗೆ, ಬೆಸಸಂಖ್ಯೆಯಾದರೆ ಪ್ರಯೋಗಕ್ಕೆ. ಕೇಳಲು ಚೆನ್ನಾಗಿದೆ, ಆದರೆ 2001ರ ಜನವರಿಯಲ್ಲಿ 2.4 ಬಂದ ಮೇಲೆ 2.6 ಬರಲು 2003ರ ಡಿಸೆಂಬರ್ ಆಯಿತು. ಅಷ್ಟು ಕಾಲ ಯಾರು ಕಾದಾರು? ಲಿನಕ್ಸನ್ನು ಹಂಚುವ ಕಂಪನಿಗಳು ಪ್ರಯೋಗದ ಭಾಗಗಳನ್ನು ತಾವೇ ಕಿತ್ತು ತಂದು ಹಳೆಯದಕ್ಕೆ ಸೇರಿಸಿಕೊಂಡವು. ಒಬ್ಬೊಬ್ಬರ 2.4 ಒಂದೊಂದು ಬಗೆಯಾಯಿತು.

2.6ರ ನಂತರ ಆ ಕಟ್ಟಳೆಯನ್ನೇ ಬಿಟ್ಟರು. ಎರಡು ಮೂರು ತಿಂಗಳಿಗೊಂದು ಹೊಸ ಆವೃತ್ತಿ ಬರತೊಡಗಿತು. ಆದರೆ ಆಗಲೇ ಜನರ ಕೈಗೆ ಹೋದ ಆವೃತ್ತಿಯಲ್ಲಿ ತಪ್ಪು ಸಿಕ್ಕರೆ ತಿದ್ದುವವರು ಯಾರು? 2005ರ ಮಾರ್ಚಿನಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಆ ಹೊಣೆ ಹೊತ್ತರು. ಅವರ ನಿಯಮಗಳು ಬಿಗಿಯಾಗಿದ್ದವು. ನಿಜವಾಗಿ ಜನರನ್ನು ಕಾಡುವ ದೋಷಕ್ಕೆ ಮಾತ್ರ ತೇಪೆ, ಅದೂ ಸುತ್ತಲಿನ ಸಾಲುಗಳು ಸೇರಿ ನೂರು ಸಾಲು ಮೀರಕೂಡದು. ಹೊಸ ಸೌಲಭ್ಯ ಸೇರಿಸುವಂತಿಲ್ಲ. ಇವತ್ತಿಗಂತೂ ಮುಖ್ಯ ಲಿನಕ್ಸ್‌ನಲ್ಲಿ ಮೊದಲು ಸೇರದ ತಿದ್ದುಪಡಿಗೆ ಇಲ್ಲಿ ಪ್ರವೇಶವೇ ಇಲ್ಲ.

ಇದು ಒಂದೊಂದು ಆವೃತ್ತಿಗೆ ಕೆಲವೇ ತಿಂಗಳ ಆರೈಕೆ. ವರ್ಷಗಟ್ಟಲೆ ಒಂದನ್ನೇ ಕಾಯಬೇಕೆಂದು ಹಟ ಹಿಡಿದವರು ಏಡ್ರಿಯನ್ ಬಂಕ್. 2.6.16ನ್ನು ಅವರು 2006ರಿಂದ 2008ರವರೆಗೆ ನೋಡಿಕೊಂಡರು. ಆಮೇಲೆ 2009ರ ಡಿಸೆಂಬರಿನಲ್ಲಿ ಬಂದ 2.6.32ನ್ನು ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಮೂವರೂ ಆರಿಸಿಕೊಂಡರು. ಮೊದಲು ಗ್ರೆಗ್, ನಂತರ ಫ್ರಾನ್ಸಿನ ವಿಲ್ಲಿ ಟಾರೋ ಅದನ್ನು 2016ರ ಮಾರ್ಚಿನವರೆಗೆ ನಡೆಸಿದರು. ಆರು ವರ್ಷ ಮೀರಿದ ಕೆಲಸ ಅದು. ಹೊಸದನ್ನು ಬರೆದವರ ಹೆಸರು ಎಲ್ಲರಿಗೂ ಗೊತ್ತು, ಟಾರೋ ಹೆಸರನ್ನು ಈ ಕಸುಬಿನವರಲ್ಲೂ ಎಷ್ಟೋ ಜನ ಕೇಳಿಲ್ಲ.

ಈ ಕೆಲಸದ ಕಷ್ಟ ತಿಳಿಯಲು ಹೆಂಚಿನ ಮನೆಯನ್ನು ನೆನೆಯಿರಿ. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ತೆಗೆದು ಬೇರೆ ಹೆಂಚು ಹಾಕುತ್ತೇವೆ, ಮನೆ ಕೆಡವುವುದಿಲ್ಲ. ಆದರೆ ಬೇರೆ ಕಾರ್ಖಾನೆಯ ಹೆಂಚಿನ ಅಂಚು ಹಳೆಯದಕ್ಕೆ ಸರಿಯಾಗಿ ಕೂರದಿದ್ದರೆ ಅಲ್ಲೇ ಸೋರುತ್ತದೆ. 2023ರ ಡಿಸೆಂಬರಿನಲ್ಲಿ ಆದದ್ದು ಹೀಗೇ. ಹೊಸ ಕರ್ನೆಲ್‌ಗೆ ಬರೆದ ಒಂದು ತೇಪೆಯನ್ನು 6.1.64ಕ್ಕೆ ತಂದು ಹಾಕಿದರು. ಆ ತೇಪೆ ನಂಬಿಕೊಂಡಿದ್ದ ಇನ್ನೊಂದು ಬದಲಾವಣೆ 6.1ರಲ್ಲಿ ಇರಲೇ ಇಲ್ಲ. ಪರಿಣಾಮವಾಗಿ, ಇಎಕ್ಸ್‌ಟಿ4 ಎಂಬ ಏರ್ಪಾಡಿನಲ್ಲಿ ಇಟ್ಟ ಫೈಲುಗಳು ಕೆಲವು ಸಂದರ್ಭಗಳಲ್ಲಿ ಕೆಡುವಂತಾಯಿತು. ಡೆಬಿಯನ್‌ನವರು ತಮ್ಮ 12.3ರ ಪ್ರತಿಗಳನ್ನು ತಡೆದು, ಸರಿಪಡಿಸಿದ 12.4ನ್ನು ಹೊರತಂದರು.

ಹಾಗೆಂದು ತೇಪೆ ಹಾಕದೆ ಸುಮ್ಮನಿರುವಂತೆಯೂ ಇಲ್ಲ. 2016ರ ಅಕ್ಟೋಬರಿನಲ್ಲಿ ಬಯಲಾದ ‘ಡರ್ಟಿ ಕೌ’ ಎಂಬ ದೋಷ 2007ರ 2.6.22ರಿಂದಲೂ ಒಳಗೇ ಕುಳಿತಿತ್ತು. ಅದನ್ನು ಬಳಸಿ ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ಹಳೆಯ ಆವೃತ್ತಿಗಳನ್ನು ಕಾಯುವವರು ಇದ್ದುದರಿಂದ ಅವುಗಳಿಗೂ ಔಷಧ ಸಿಕ್ಕಿತು. ಆ ತೇಪೆಯನ್ನು ತೆಗೆದುಕೊಳ್ಳದ ಯಂತ್ರಗಳು ಹಾಗೆಯೇ ಉಳಿದವು.

ಎಷ್ಟು ವರ್ಷ ಕಾಯಬೇಕು ಎಂಬುದು ಇನ್ನೂ ಬಗೆಹರಿಯದ ತಕರಾರು. ಮೊದಲಿದ್ದದ್ದು ಎರಡು ವರ್ಷ. ಫೋನುಗಳು ಅಷ್ಟರಲ್ಲಿ ಹಳತಾಗುವುದಿಲ್ಲವೆಂದು 2017ರಲ್ಲಿ 4.4ಕ್ಕೆ ಆರು ವರ್ಷ ಕೊಟ್ಟರು. 2023ರಲ್ಲಿ, ಇನ್ನು ಮುಂದಿನವುಗಳಿಗೆ ಮತ್ತೆ ಎರಡೇ ವರ್ಷ ಎಂದರು. ಕಾಯುವವರು ಕೆಲವೇ ಜನ, ದಣಿದಿದ್ದರು. ನನ್ನ ಮಟ್ಟಿಗೆ ಅವರ ಮಾತು ನ್ಯಾಯವೇ. ಪುಕ್ಕಟೆಯಾಗಿ ಬಳಸಿ ಲಾಭ ಮಾಡಿಕೊಂಡ ಕಂಪನಿಗಳು ಇನ್ನಷ್ಟು ಕೈ ಜೋಡಿಸಬೇಕಿತ್ತು.

ಆದರೆ ವಿದ್ಯುತ್ ಸ್ಥಾವರದ, ರೈಲಿನ ನಿಯಂತ್ರಣ ಯಂತ್ರಗಳು ದಶಕಗಟ್ಟಲೆ ದುಡಿಯುತ್ತವೆ. ಅಂಥವಕ್ಕಾಗಿ 2016ರಲ್ಲಿ ‘ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್’ ಎಂಬ ಕೂಟ ಹುಟ್ಟಿತು. 2022ರ ಫೆಬ್ರವರಿಯಲ್ಲಿ 4.4.302 ಹೊರಬಂದು, ಇನ್ನು ಈ ಸಾಲು ಮುಗಿಯಿತು ಎಂದು ಗ್ರೆಗ್ ಕೈತೊಳೆದುಕೊಂಡರು. ಕೂಟದವರು ಅದೇ 4.4ನ್ನು ಎತ್ತಿಕೊಂಡು ತೇಪೆ ಹಾಕುವುದನ್ನು ಮುಂದುವರಿಸಿದರು.